ತುಲೇವದ ಸೊನ್ನೆ

ಚಂಡಮಾರುತ ವೈಲಾನುವನ್ನು ದಾಟಿಹೋದ ಸೋಮವಾರ ಬೆಳಿಗ್ಗೆ ಏಳೂವರೆಗೆ ಸುಗುಣಾ ಹರಿಕಂತ್ರ ತುರ್ತು ನಿರ್ವಹಣಾ ಕೇಂದ್ರದ ದೊಡ್ಡ ಪರದೆಯ ಮುಂದೆ ನಿಂತಿದ್ದಳು. ಪರದೆಯ ಮೇಲೆ ಏಳು ದ್ವೀಪಗಳ ಹೆಸರು, ಒಂದೊಂದರ ಮುಂದೆ ಒಂದೊಂದು ಅಂಕಿ. ಆರು ಅಂಕಿಗಳು ನಿಮಿಷಕ್ಕೊಮ್ಮೆ ಒಂದಿಷ್ಟು ಏರುತ್ತ ಇಳಿಯುತ್ತ ಇದ್ದವು. ಕೊನೆಯ ಸಾಲಿನ ತುಲೇವದ ಮುಂದೆ ಸೊನ್ನೆ ಇತ್ತು. ಅದು ಅಲ್ಲಾಡಲಿಲ್ಲ.

ವೈಲಾನು ಪೆಸಿಫಿಕ್ ಸಾಗರದ ನಡುವಿನ ಪುಟ್ಟ ದೇಶ. ಒಂದು ದೊಡ್ಡ ದ್ವೀಪ ಮೋತಲಿ, ಅದೇ ರಾಜಧಾನಿ. ಸುತ್ತ ನೂರಾರು ಕಿಲೋಮೀಟರ್ ನೀರಿನಲ್ಲಿ ಚೆದುರಿದ ಏಳು ಚಿಕ್ಕ ದ್ವೀಪಗಳು. ಎಲ್ಲ ಸೇರಿ ಒಂಬತ್ತು ಸಾವಿರ ಜನ. ಅಂಕೋಲೆ ಸಮೀಪದ ಬೇಲೇಕೇರಿಯ ಮೀನುಗಾರರ ಮನೆಯಲ್ಲಿ ಹುಟ್ಟಿ, ಕರಾವಳಿಯ ವಿಪತ್ತು ನಿರ್ವಹಣೆಯಲ್ಲಿ ಇಪ್ಪತ್ತು ವರ್ಷ ದುಡಿದ ಸುಗುಣಾ ಮೂರು ವರ್ಷದ ಕರಾರಿನ ಮೇಲೆ ಇಲ್ಲಿಗೆ ಬಂದಿದ್ದಳು. ಈಗ ನಾಲ್ಕನೆಯ ವರ್ಷ ನಡೆಯುತ್ತಿತ್ತು. ಇಲ್ಲಿಯ ಭಾಷೆ ಕಲಿತಿದ್ದಳು. ತಾನು ಕಟ್ಟಿದ ವ್ಯವಸ್ಥೆ ಒಂದು ದೊಡ್ಡ ಗಾಳಿಗೆ ಹೇಗೆ ನಿಲ್ಲುತ್ತದೆ ಎಂದು ನೋಡದೆ ಹೊರಡಲು ಅವಳಿಗೆ ಮನಸ್ಸಾಗಿರಲಿಲ್ಲ.

ಆ ವ್ಯವಸ್ಥೆಯನ್ನು ದ್ವೀಪದ ಜನ 'ಕೇಳುವ ಹಗ್ಗ' ಎನ್ನುತ್ತಿದ್ದರು. ದ್ವೀಪಗಳ ನಡುವೆ ಸಮುದ್ರದ ತಳದಲ್ಲಿ ಇಂಟರ್ನೆಟ್ಟಿಗಾಗಿ ಹಾಕಿದ ಗಾಜಿನ ಎಳೆಯ ಕೇಬಲ್ ಅದು. ಅದರೊಳಗೆ ಬೆಳಕು ಬಿಟ್ಟರೆ, ದಾರಿಯುದ್ದಕ್ಕೂ ಅದರ ಒಂದು ಚೂರು ಹಿಂದಕ್ಕೆ ಮರಳಿ ಬರುತ್ತದೆ. ಕೇಬಲ್ ಹೂತ ನೆಲ ಕೂದಲೆಳೆಯಷ್ಟು ನಡುಗಿದರೂ ಮರಳುವ ಬೆಳಕು ಬದಲಾಗುತ್ತದೆ. ಹೀಗೆ ಹತ್ತು ಹತ್ತು ಮೀಟರಿಗೆ ಒಂದು ಕಿವಿ ಇಟ್ಟಂತೆ. ಪ್ರತಿ ದ್ವೀಪದಲ್ಲೂ ಕೇಬಲ್ಲಿನ ತುದಿಯನ್ನು ಊರ ನಡುವಿನವರೆಗೆ ಮರಳಿನಡಿ ಎಳೆದು, ಅಲ್ಲೊಂದು ಹಳದಿ ಕಂಬ ನೆಟ್ಟಿದ್ದರು. ಫೋನು ಸತ್ತು, ಗೋಪುರ ಬಿದ್ದು, ಮೋಡದಿಂದಾಗಿ ಉಪಗ್ರಹಕ್ಕೂ ಏನೂ ಕಾಣದಂತಾದಾಗ ಆ ಕಂಬದ ಬುಡದಲ್ಲಿ ನಡೆಯುವ ಹೆಜ್ಜೆಗಳಿಂದಲೇ ಎಷ್ಟು ಜನ ಬದುಕಿದ್ದಾರೆಂದು ಲೆಕ್ಕ ಹಾಕಬಹುದಿತ್ತು. ಹೋದ ವರ್ಷ ಏಳೂ ದ್ವೀಪಗಳಿಗೆ ಹೋಗಿ ಸುಗುಣಾ ತಾನೇ ಹೇಳಿಕೊಟ್ಟಿದ್ದಳು: ಕಂಬದ ಹತ್ತಿರ ಸೇರಿ, ಮೂರು ಸಲ ಕಾಲು ಕುಟ್ಟಿ, ಸ್ವಲ್ಪ ನಿಲ್ಲಿಸಿ, ಮತ್ತೆ ಮೂರು ಸಲ. ನಾವು ಕೇಳಿಸಿಕೊಳ್ಳುತ್ತೇವೆ.

"ಅಕ್ಕಾರ, ತುಲೇವದಾಗ ಒಂದ ಹೆಜ್ಜಿ ಸಪ್ಪಳಾನೂ ಇಲ್ರಿ," ಎಂದ ಮಹಾಂತೇಶ ಗಾಣಿಗೇರ. ಗದಗಿನ ಕಡೆಯ ಹುಡುಗ, ಕೇಬಲ್ಲಿನ ಸಂಕೇತಗಳನ್ನು ನೋಡಿಕೊಳ್ಳುವ ತಂತ್ರಜ್ಞ. ಆ ಕೋಣೆಯಲ್ಲಿ ಕನ್ನಡ ಮಾತಾಡುತ್ತಿದ್ದವರು ಅವರಿಬ್ಬರೇ.

"ನಲವತ್ತೊಂದು ಜನ ಇದ್ರಲ್ಲ ಅಲ್ಲಿ."

"ಹೌದ್ರಿ. ಗಾಳಿ ಕಣ್ಣು ಅದರ ಮ್ಯಾಲೇ ಹಾದು ಹೋಗೇತಿ. ನೀರು ಆ ತುದಿಯಿಂದ ಈ ತುದಿಗೆ ಹರದಿರಬೇಕು."

ತುಲೇವ ಎಲ್ಲಕ್ಕಿಂತ ತಗ್ಗಿನ ದ್ವೀಪ, ಎಲ್ಲಕ್ಕಿಂತ ದೂರದ್ದು. ದೋಣಿಯಲ್ಲಿ ನಾಲ್ಕು ಗಂಟೆಯ ದಾರಿ. ಒಡೆಯದೆ ಉಳಿದಿದ್ದ ದೋಣಿಗಳು ಮೂರೇ. ವಿಮಾನ ನಿಲ್ದಾಣದ ತುಂಬ ಸಮುದ್ರದ ನೀರು ನಿಂತಿತ್ತು. ನೆರೆಯ ದೇಶಗಳ ನೆರವು ಬರಲು ನಾಲ್ಕು ದಿನ ಬೇಕಿತ್ತು. ಕೇಂದ್ರದ ನಿರ್ದೇಶಕ ಅಫೊಯಾ ಮೇಜಿಗೆ ಎರಡೂ ಕೈ ಊರಿ ನಿಂತು, "ಹೇಳು ಸುಗುಣಾ," ಎಂದರು. ಅರವತ್ತರ ಹತ್ತಿರದ ಮನುಷ್ಯ. ರಾತ್ರಿಯ ಗಾಳಿಗೆ ಅವರ ಮನೆಯ ಸೂರೂ ಹಾರಿಹೋಗಿತ್ತು, ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಸುಗುಣಾ ಹೇಳಿದಳು. ಹುನಾ ದ್ವೀಪದಲ್ಲಿ ಇನ್ನೂರು ಜನರ ಹೆಜ್ಜೆ ಕೇಳಿಸುತ್ತಿವೆ, ಅಲ್ಲಿಯ ಸಿಹಿನೀರಿನ ಬಾವಿಗೆ ಉಪ್ಪು ಹೊಕ್ಕಿರುತ್ತದೆ, ಮೊದಲ ದೋಣಿ ಅಲ್ಲಿಗೆ. ಎರಡನೆಯದು ಶಾಲೆಯ ಮಕ್ಕಳಿದ್ದ ಸೆಮೋವಿಗೆ. ಮೂರನೆಯದು ಉತ್ತರದ ಎರಡು ದ್ವೀಪಗಳಿಗೆ. ತುಲೇವಕ್ಕೆ ಹೆಣ ತೆಗೆಯಲು ಹೋಗುವುದಾದರೆ ನಾಲ್ಕನೆಯ ದಿನ ಹೋಗಬಹುದು. ಕೊನೆಯ ಮಾತನ್ನು ಅವಳು ಹೀಗೆ ಬಿಡಿಸಿ ಹೇಳಲಿಲ್ಲ. "ತುಲೇವ ಆಮೇಲೆ" ಎಂದಷ್ಟೇ ಹೇಳಿದಳು. ಎಲ್ಲರಿಗೂ ಅರ್ಥವಾಯಿತು. ಆದೇಶದ ಕೆಳಗೆ ಸಹಿ ಹಾಕಿದಳು.

ಅಂದು ಸಂಜೆ ಐದರ ಹೊತ್ತಿಗೆ ಅವಳು ಬಿಡಾರಕ್ಕೆ ಹೋಗಿ ಬಂದಳು. ಬಿಡಾರವೆಂದರೆ ಲೋಸಾ ಎಂಬ ವಯಸ್ಸಾದ ಹೆಂಗಸಿನ ಮನೆಯ ಹಿಂಬದಿಯ ಕೋಣೆ. ಮನೆ ನಿಂತಿತ್ತು, ಅಡುಗೆ ಕೊಟ್ಟಿಗೆ ಮಾತ್ರ ಮಗುಚಿಬಿದ್ದಿತ್ತು. ಲೋಸಾ ಮೂರು ಕಲ್ಲು ಹೂಡಿ ಅಂಗಳದಲ್ಲೇ ಒಲೆ ಹಚ್ಚಿದ್ದಳು.

"ಮಲೀಯಾ?" ಎಂದು ಕೇಳಿದಳು, ಬೇರೇನೂ ಕೇಳದೆ.

ಮಲೀಯಾ ಅವಳ ತಂಗಿ. ಮದುವೆಯಾಗಿ ತುಲೇವಕ್ಕೆ ಹೋಗಿ ಮೂವತ್ತು ವರ್ಷವಾಗಿತ್ತು. ಸುಗುಣಾ ಅಲ್ಲಿಗೆ ತರಬೇತಿಗೆ ಹೋದಾಗ ಉಳಿದದ್ದು ಅವಳ ಮನೆಯಲ್ಲೇ. ಅವಳ ಗಂಡ ತಾವೆ, ದೋಣಿ ಕಟ್ಟುವವನು, ತರಬೇತಿಯಲ್ಲಿ ಎಲ್ಲರಿಗಿಂತ ಜೋರಾಗಿ ಕಾಲು ಕುಟ್ಟಿ ಮಕ್ಕಳನ್ನೆಲ್ಲ ನಗಿಸಿದ್ದ.

"ಇನ್ನೂ ಏನೂ ಗೊತ್ತಿಲ್ಲ, ಲೋಸಾ ಅಮ್ಮ," ಎಂದಳು ಸುಗುಣಾ.

ಸುಳ್ಳು ಹೇಳುತ್ತಿದ್ದೇನೆಂದು ಅವಳು ತಿಳಿದಿದ್ದಳು. ತನಗೆ ಗೊತ್ತಿದೆ, ಹೇಳಲು ಬಾಯಿ ಬರುತ್ತಿಲ್ಲ ಅಷ್ಟೇ ಎಂದುಕೊಂಡಿದ್ದಳು. ಲೋಸಾ ತಲೆಯಾಡಿಸಿ ಬೇಯಿಸಿದ ಹಲಸಿನಂಥ ಕಾಯಿಯ ಎರಡು ಹೋಳುಗಳನ್ನು ಎಲೆಯಲ್ಲಿ ಸುತ್ತಿ ಕೊಟ್ಟಳು. ಸುಗುಣಾ ಅದನ್ನು ಕೇಂದ್ರಕ್ಕೆ ಒಯ್ದು ಮಹಾಂತೇಶನ ಮುಂದಿಟ್ಟಳು.

ಮಂಗಳವಾರ ಬೆಳಿಗ್ಗೆಯ ಹೊತ್ತಿಗೆ ಕೆಲಸ ಒಂದು ಹದಕ್ಕೆ ಬಂತು. ಸೆಮೋವಿನಿಂದ ಮೂವತ್ತು ಮಕ್ಕಳು ಮೋತಲಿಗೆ ಬಂದು ಇಳಿದಿದ್ದರು. ಹುನಾದಲ್ಲಿ ವಾಂತಿಭೇದಿ ಶುರುವಾಗುವ ಮೊದಲೇ ನೀರು ತಲುಪಿತ್ತು. ಪರದೆಯ ಅಂಕಿಗಳು ನಿಜವೆಂದು ದೋಣಿಯವರು ಒಬ್ಬೊಬ್ಬರೇ ರೇಡಿಯೋದಲ್ಲಿ ಹೇಳುತ್ತಿದ್ದರು. ಇನ್ನೂರ ಮೂರು ಎಂದು ಯಂತ್ರ ತೋರಿಸಿದ್ದಲ್ಲಿ ಇನ್ನೂರ ಹನ್ನೆರಡು ಜನ ಸಿಕ್ಕಿದ್ದರು. ಅಫೊಯಾ ಬಂದು ಅವಳ ಭುಜ ಮುಟ್ಟಿ, "ನಿನ್ನ ಹಗ್ಗ ಈ ದೇಶವನ್ನು ಎತ್ತಿ ಹಿಡಿಯಿತು," ಎಂದರು. ಅವಳನ್ನು ಬಲವಂತದಿಂದ ಊಟಕ್ಕೆ ಕಳಿಸಿದವರೂ ಅವರೇ.

ಮಧ್ಯಾಹ್ನದ ಬಿಸಿಲು ಮೋಡದ ಹಿಂದಿತ್ತು. ಲೋಸಾ ನೆಂದ ಚಾಪೆಗಳನ್ನು ಬೇಲಿಯ ಮೇಲೆ ಹರವುತ್ತಿದ್ದಳು. ಗಾಳಿ ನಿಂತು ಒಂದೂವರೆ ದಿನವಾದರೂ ಸಮುದ್ರ ಇನ್ನೂ ಹುಚ್ಚು ಹಿಡಿದಂತೆ ಬಂಡೆಸಾಲಿಗೆ ಬಡಿಯುತ್ತಿತ್ತು. ಲೋಸಾ ಏನೋ ಹೇಳಿದಳು. ಸುಗುಣಾಗೆ ಕೇಳಿಸಲಿಲ್ಲ.

"ಏನಮ್ಮ?"

"ಒಳಗೆ ಬಾ ಅಂದೆ, ಮಗಳೇ. ಇಲ್ಲಿ ನಿಂತರೆ ನನ್ನ ಮಾತು ನನಗೇ ಕೇಳಿಸೋದಿಲ್ಲ. ಇನ್ನು ಮೂರು ದಿನ ಹೀಗೇ ಬಡೀತದೆ ಅಲೆ. ಯಾವ ದ್ವೀಪದಲ್ಲಿ ಇದ್ದರೂ ಇದೇ ಸದ್ದು."

ಸುಗುಣಾ ಬಾಗಿಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ಅಲ್ಲೇ ನಿಂತಳು.

ತುಲೇವದಲ್ಲಿ ಮನುಷ್ಯರು ಇಲ್ಲದಿರಬಹುದು. ಅಲೆ ಇಲ್ಲದಿರಲು ಹೇಗೆ ಸಾಧ್ಯ? ಆ ಕೇಬಲ್ಲಿಗೆ ಮನುಷ್ಯರ ಹೆಜ್ಜೆಗಿಂತ ನೂರು ಪಟ್ಟು ಜೋರಾಗಿ ಅಲೆ ಕೇಳಿಸಬೇಕು. ಅಲೆಯ ಸದ್ದನ್ನು ಕಳೆದ ಮೇಲೆ ಉಳಿದ ಹೆಜ್ಜೆಗಳನ್ನು ಮಾತ್ರ ಪರದೆ ತೋರಿಸುತ್ತದೆ. ಕಳೆಯಲು ಅಲೆಯ ಸದ್ದಾದರೂ ಬಂದಿತ್ತೇ? ಅದನ್ನು ಯಾರು ನೋಡಿದ್ದರು?

ಊಟ ಮುಟ್ಟದೆ ಅವಳು ಓಡಿದಳು. ಬಿದ್ದ ತೆಂಗಿನ ಮರಗಳನ್ನು ದಾಟಿ, ಕೆಸರಿನಲ್ಲಿ ಒಂದು ಚಪ್ಪಲಿ ಬಿಟ್ಟು, ಏದುಸಿರು ಬಿಡುತ್ತ ಕೇಂದ್ರದೊಳಗೆ ಬಂದಳು.

"ಮಹಾಂತೇಶ, ತುಲೇವದ್ದು ಕಚ್ಚಾ ಸಂಕೇತ ತೆಗಿ. ಸೋಸದೇ ಇದ್ದದ್ದು."

ಅವನು ಅವಳ ಮುಖ ನೋಡಿ ಪ್ರಶ್ನೆ ಕೇಳದೆ ತೆಗೆದ. ಪರದೆಯ ಮೇಲೆ ಏಳು ಗೆರೆಗಳು ಮೂಡಿದವು. ಆರು ಗೆರೆಗಳು ನಾರುನಾರಾದ ಹುರಿಹಗ್ಗದಂತೆ ದಪ್ಪಗಿದ್ದವು. ಏಳನೆಯದು ಅಳತೆಪಟ್ಟಿ ಇಟ್ಟು ಎಳೆದಂತೆ ನೇರವಾಗಿತ್ತು.

ಮಹಾಂತೇಶ ಎಚ್ಚರಿಕೆಗಳ ಪಟ್ಟಿ ತೆರೆದ. ಗಾಳಿಯ ರಾತ್ರಿ ಬಂದಿದ್ದ ಇನ್ನೂರಕ್ಕೂ ಹೆಚ್ಚು ಎಚ್ಚರಿಕೆಗಳ ನಡುವೆ ಒಂದು ಸಾಲು: ತುಲೇವದ ಕವಲು, ಬೆಳಕು ಮರಳುತ್ತಿಲ್ಲ.

"ಕೇಬಲ್ ಹರದೈತ್ರಿ ಅಕ್ಕಾರ. ಸೋಮವಾರ ನಸುಕಿನ್ಯಾಗ. ಏನೂ ಬರಲಿಲ್ಲ ಅಂದ್ರ ಆ ಜಾಗಾಕ್ಕ ಸೊನ್ನಿ ತುಂಬು ಅಂತ ಪ್ರೋಗ್ರಾಮ್ ಬರದಾರ." ಅವನು ಅವಳ ಕಡೆ ತಿರುಗಿದ. "ಸತ್ತಿದ್ದು ನಮ್ಮ ಕಿವಿರಿ. ಮಂದಿ ಬಗ್ಗೆ ನಮಗೇನೂ ಗೊತ್ತಿಲ್ಲ."

ಎರಡು ವರ್ಷದ ಹಿಂದೆ ಈ ಪರದೆಯನ್ನು ರೂಪಿಸುವಾಗ ಗೆರೆಗಳೂ ಇರಲಿ ಎಂದು ಮಹಾಂತೇಶ ಹೇಳಿದ್ದ. ನಿದ್ದೆಗೆಟ್ಟ ಜನ ನೋಡುವ ಪರದೆ, ಏಳು ಅಂಕಿ ಸಾಕು, ಬೇರೆಲ್ಲ ತೆಗೆ ಎಂದವಳು ಸುಗುಣಾಳೇ. ಆ ಮಾತನ್ನು ಈಗ ಅವನು ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು ಎನಿಸಿತು ಅವಳಿಗೆ.

ಬಂದರಿನ ಧಕ್ಕೆಯಲ್ಲಿ ಒಂದು ದೋಣಿ ಹುನಾಕ್ಕೆ ಹೊರಡಲು ನೀರು ತುಂಬಿಸಿಕೊಳ್ಳುತ್ತಿತ್ತು. ಅದನ್ನು ತುಲೇವಕ್ಕೆ ತಿರುಗಿಸಿ ಎಂದು ಅವಳು ಅಫೊಯಾರನ್ನು ಕೇಳಿದಳು.

"ಹುನಾದ ಇನ್ನೂರ ಹನ್ನೆರಡು ಜನರ ನೀರು ನಾಳೆ ಬೆಳಿಗ್ಗೆಗೆ ಮುಗೀತದೆ," ಎಂದರು ಅಫೊಯಾ. "ಅವರು ಬದುಕಿದ್ದಾರೆ ಅಂತ ಗೊತ್ತು. ತುಲೇವದಲ್ಲಿ ಯಾರಾದರೂ ಇದ್ದಾರೆ ಅಂತ ನಿನಗೆ ಗೊತ್ತಾ?"

"ಗೊತ್ತಿಲ್ಲ."

"ಮತ್ತೆ?"

"ಇಲ್ಲ ಅಂತಲೂ ಗೊತ್ತಿಲ್ಲ. ನಿನ್ನೆ ನಾನು ಗೊತ್ತಿದೆ ಅಂತ ಸಹಿ ಹಾಕಿದೆ. ಆ ಸಹಿ ತಪ್ಪು."

ಅಫೊಯಾ ಕಿಟಕಿಯ ಹೊರಗೆ ನೋಡಿದರು. "ಒಬ್ಬ ದಾದಿಯನ್ನು ಹತ್ತಿಸು," ಎಂದರು ಕೊನೆಗೆ. "ತುಂಬಿದ ನೀರನ್ನು ಇಳಿಸಬೇಡ, ತುಲೇವದಿಂದ ಹಾಗೇ ಹುನಾಕ್ಕೆ ಹೋಗಲಿ."

ದೋಣಿ ಒಂದೂವರೆಗೆ ಹೊರಟಿತು. ಆ ನಾಲ್ಕು ಗಂಟೆ ಸುಗುಣಾ ಬೇರೆ ದ್ವೀಪಗಳ ಕೆಲಸ ಮಾಡಿದಳು. ಯಾರಿಗೆ ಟಾರ್ಪಾಲು, ಯಾರಿಗೆ ಮಾತ್ರೆ, ಯಾವ ಶಾಲೆಯಲ್ಲಿ ಎಷ್ಟು ಜನ ಮಲಗಬಹುದು. ಕೈ ಬರೆಯುತ್ತಿತ್ತು, ಕಿವಿ ರೇಡಿಯೋದ ಕಡೆಗಿತ್ತು. ಐದೂವರೆ ದಾಟಿದ ಮೇಲೆ ದೋಣಿಯ ನಾಯಕನ ದನಿ ಕೇಳಿತು.

"ತುಲೇವ ತಲುಪಿದ್ದೇವೆ. ಮೂವತ್ತೆಂಟು ಜನ ಬದುಕಿದ್ದಾರೆ. ಇಬ್ಬರು ಗಾಳಿಯಲ್ಲೇ ಹೋಗಿದ್ದಾರೆ. ಒಬ್ಬರು ಇವತ್ತು ಬೆಳಿಗ್ಗೆ ತೀರಿಕೊಂಡರು."

ಕೋಣೆಯಲ್ಲಿ ಯಾರೋ ದೇವರ ಹೆಸರು ಹೇಳಿದರು. ನಾಯಕ ಇನ್ನೂ ಮುಗಿಸಿರಲಿಲ್ಲ.

"ಅವರು ಕಾಲು ಕುಟ್ಟುತ್ತಿದ್ದರು. ಕಂಬದ ಸುತ್ತ. ಸೋಮವಾರ ಬೆಳಿಗ್ಗೆಯಿಂದ ಸರದಿ ಮಾಡಿಕೊಂಡು ಕುಟ್ಟಿದ್ದಾರೆ. ನಮ್ಮ ದೋಣಿ ದಡ ಮುಟ್ಟಿದ ಮೇಲೂ ನಿಲ್ಲಿಸಲಿಲ್ಲ. ಸಾಕು, ಬಂದಿದ್ದೇವೆ ಅಂತ ನಾನು ಕೈ ಹಿಡಿದು ಹೇಳಬೇಕಾಯಿತು."

ಬೆಳಿಗ್ಗೆ ತೀರಿಕೊಂಡವನು ತಾವೆ. ಮನೆಯ ತೊಲೆ ಬಿದ್ದು ಅವನ ತೊಡೆ ಸೀಳಿತ್ತು. ಕಟ್ಟಿದ ಬಟ್ಟೆಯಿಂದ ರಕ್ತ ಜಿನುಗುತ್ತಲೇ ಇತ್ತು. ನಿಲ್ಲಲಾಗದೆ ಕಂಬದ ಬುಡಕ್ಕೆ ಒರಗಿ ಕುಳಿತು, ತೆಂಗಿನಕಾಯಿ ಸುಲಿಯುವ ಮರದ ಗೂಟದಿಂದ ನೆಲ ಕುಟ್ಟುತ್ತಿದ್ದನಂತೆ. ಸೋಮವಾರ ಸಂಜೆಯೊಳಗೆ ದೋಣಿ ಹೋಗಿದ್ದರೆ ಬದುಕುತ್ತಿದ್ದನೇ ಎಂದು ಸುಗುಣಾ ರೇಡಿಯೋದಲ್ಲಿ ದಾದಿಯನ್ನು ನೇರವಾಗಿ ಕೇಳಿದಳು. ದಾದಿ ಸುತ್ತಿ ಬಳಸಲಿಲ್ಲ. "ಬದುಕುತ್ತಿದ್ದ," ಎಂದಳು.

ಲೋಸಾಗೆ ಸುದ್ದಿಯನ್ನು ಸುಗುಣಾಳೇ ಹೋಗಿ ಹೇಳಿದಳು. ತಂಗಿ ಇದ್ದಾಳೆ, ಅವಳ ಗಂಡ ಇಲ್ಲ. ಲೋಸಾ ನೆಲದ ಮೇಲೆ ಕುಳಿತು ಅತ್ತಳು, ಮತ್ತೆ ಎದ್ದು ಅವಳಿಗೆ ಬಡಿಸಿದಳು. ಆ ಊಟ ಉಣ್ಣುವುದು ಸುಗುಣಾಗೆ ಇಡೀ ಎರಡು ದಿನಗಳಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು.

ಗುರುವಾರ ಅಫೊಯಾ ಅವಳನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಮುಚ್ಚಿದರು.

"ನಾಳೆ ನಾವು ತುಲೇವಕ್ಕೆ ಹೋಗಬೇಕು. ಕಾಲು ಕುಟ್ಟಿದ್ದು ಕೇಳಿಸಿತು, ಅದಕ್ಕೇ ಬಂದೆವು, ದೋಣಿ ಸಿಗದೆ ತಡವಾಯಿತು ಅಂತ ಹೇಳೋಣ."

ಸುಗುಣಾ ಅವರ ಮುಖ ನೋಡಿದಳು.

"ನನ್ನ ಮಾನ ಉಳಿಸಿಕೊಳ್ಳೋಕೆ ಹೇಳ್ತಾ ಇಲ್ಲ. ಇನ್ನೂ ಮೂರು ತಿಂಗಳು ಗಾಳಿಯ ಕಾಲ ಇದೆ. ಕಂಬ ಕಿವುಡು ಅಂತ ಒಂದು ಸಲ ಸುದ್ದಿ ಹಬ್ಬಿದರೆ, ಮುಂದಿನ ಗಾಳಿಗೆ ಯಾವ ದ್ವೀಪದವರೂ ಕಂಬದ ಹತ್ತಿರ ಬರೋದಿಲ್ಲ. ದಿಕ್ಕಿಗೊಬ್ಬರು ದೋಣಿ ಹುಡುಕಿಕೊಂಡು ನೀರಿಗಿಳೀತಾರೆ. ಎಷ್ಟು ಜನ ಸಾಯ್ತಾರೆ ಅಂತ ನಿನಗೇ ಗೊತ್ತು. ಇನ್ನೊಂದು ಮಾತು. ಆ ಹೆಂಗಸಿಗೆ ತನ್ನ ಗಂಡ ಕುಟ್ಟಿದ್ದು ಯಾರಿಗೋ ಕೇಳಿಸಿತು ಅನ್ನೋ ಒಂದು ಸಮಾಧಾನವಾದರೂ ಇರಲಿ."

ಅದು ಕೆಟ್ಟವನ ಮಾತಾಗಿರಲಿಲ್ಲ, ಅದೇ ತೊಂದರೆ. ಸಂಜೆ ಮಹಾಂತೇಶನಿಗೆ ಅವಳು ಅದನ್ನು ಹೇಳಿದಳು. "ನೀ ಎಂತ ಹೇಳ್ತೆ?"

"ನಮ್ಮ ಅವ್ವಗ ಆಗಿದ್ರ, ಕೇಳಿಸ್ತು ಅಂತ ಸುಳ್ಳು ಹೇಳ್ರಿ ಅಂತಿದ್ದೆ ನಾನೂ. ಆದ್ರ ಅಕ್ಕಾರ, ಮುಂದಿನ ಸಲ ಅವರು ಕುಟ್ಟಿಕೋತ ಕೂಡ್ತಾರ್ರಿ. ಬೆಂಕಿ ಹಚ್ಚೂದಿಲ್ಲ, ದೋಣಿ ಕಳಸೂದಿಲ್ಲ. ಕೇಳಿಸ್ತೈತಿ ಅಂತ ನಂಬಿಕೊಂಡು ಕೂಡ್ತಾರ."

ಶುಕ್ರವಾರ ತುಲೇವದಲ್ಲಿ ಒಂದೂ ಮನೆ ನಿಂತಿರಲಿಲ್ಲ. ಜನ ಟಾರ್ಪಾಲಿನ ಕೆಳಗೆ ಸೇರಿದ್ದರು. ಕಂಬದ ಸುತ್ತ ಮರಳು ಕಣದಂತೆ ಗಟ್ಟಿಯಾಗಿ ತಗ್ಗುಬಿದ್ದಿತ್ತು. ಅಕ್ಕ ಲೋಸಾ ಮತ್ತು ಅಫೊಯಾರ ಜೊತೆ ದೋಣಿಯಿಂದ ಇಳಿದ ಸುಗುಣಾಳನ್ನು ಮಲೀಯಾ ಗುರುತು ಹಿಡಿದಳು. ಅಕ್ಕತಂಗಿಯರು ಅಪ್ಪಿಕೊಂಡು ಬಹಳ ಹೊತ್ತು ನಿಂತರು. ಆಮೇಲೆ ಮಲೀಯಾ ಕಣ್ಣೊರೆಸಿಕೊಂಡು ಸುಗುಣಾಳ ಎದುರು ಬಂದು ಕುಳಿತಳು. ಅವಳ ಪಾದಗಳಿಗೆ ಹರಿದ ಬಟ್ಟೆ ಸುತ್ತಿತ್ತು.

"ನಾವು ಕುಟ್ಟಿದ್ದು ನಿನಗೆ ಎಷ್ಟು ಹೊತ್ತಿಗೆ ಕೇಳಿಸಿತು?"

ಅಫೊಯಾ ಗಂಟಲು ಸರಿಮಾಡಿಕೊಂಡರು. ಸುಗುಣಾ ಅವರತ್ತ ನೋಡಲಿಲ್ಲ.

"ಕೇಳಿಸಲಿಲ್ಲ," ಎಂದಳು.

ಮಲೀಯಾ ಕಂಬದ ಕಡೆ ನೋಡಿದಳು.

"ತಾವೆ ಕುಟ್ಟಿದ್ದು?"

"ಅದೂ ಕೇಳಿಸಲಿಲ್ಲ. ನೀವು ಶುರು ಮಾಡುವ ಮೊದಲೇ ಹಗ್ಗ ಹರಿದಿತ್ತು. ನಮ್ಮ ಪರದೆ ನಿಮ್ಮ ಹೆಸರಿನ ಮುಂದೆ ಸೊನ್ನೆ ತೋರಿಸಿತು. ಸೊನ್ನೆ ಅಂದರೆ ಯಾರೂ ಉಳಿದಿಲ್ಲ ಅಂತ ನಾನು ತಿಳಿದೆ. ತಿಳಿಯದು ಅಂತ ಓದಬೇಕಿತ್ತು. ಸದ್ದಿನ ಗೆರೆಗಳನ್ನು ನೋಡಿದ್ದರೆ ಗೊತ್ತಾಗುತ್ತಿತ್ತು. ಆ ಗೆರೆಗಳು ಬೇಡ ಅಂತ ಹಿಂದೆ ತೆಗೆಸಿದ್ದೂ ನಾನೇ."

ಒಬ್ಬ ಗಂಡಸು ಎದ್ದು ಬೆನ್ನು ತಿರುಗಿಸಿ ಸಮುದ್ರದ ಕಡೆ ನಡೆದುಹೋದ. ಒಬ್ಬ ಹುಡುಗಿ, "ಹಾಗಾದರೆ ಯಾಕೆ ಹೇಳಿಕೊಟ್ಟೆ?" ಎಂದು ಕೇಳಿದಳು.

ಮಲೀಯಾ ಮಾತ್ರ ಅಲುಗಲಿಲ್ಲ. "ಮತ್ತೆ ಹೇಗೆ ಬಂದಿರಿ?"

"ಅಲೆಯ ಸದ್ದೂ ಬರುತ್ತಿಲ್ಲ ಅಂತ ಗಮನಿಸಿದೆ. ನಿಮ್ಮ ಅಕ್ಕನ ಮನೆಯಲ್ಲಿ. ಮಂಗಳವಾರ ಮಧ್ಯಾಹ್ನ."

"ಅವನು ಹೋಗಿದ್ದು ಮಂಗಳವಾರ ಬೆಳಿಗ್ಗೆ."

"ಹೌದು."

ಮಲೀಯಾ ಕೈಯಲ್ಲಿ ಒಂದಿಷ್ಟು ಮರಳು ತೆಗೆದುಕೊಂಡು ಬೆರಳ ಸಂದಿಯಿಂದ ಬಿಟ್ಟಳು. "ಕೊನೆಗೆ ಅವನು ಕೇಳಿದ, ಕೇಳಿಸಿರಬಹುದಾ ಅಂತ. ಕೇಳಿಸಿರುತ್ತೆ, ದೋಣಿ ದಾರಿಯಲ್ಲಿದೆ ಅಂದೆ. ನಾನು ಹೇಳಿದ್ದು ಸುಳ್ಳಾಯಿತು." ಕೈ ಕೊಡವಿ ಹೇಳಿದಳು: "ನೀನೂ ನನಗೆ ಅದೇ ಸುಳ್ಳು ಹೇಳಿದ್ದರೆ, ಅವನು ಸತ್ತದ್ದು ಯಾಕೆ ಅಂತಲೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿನ್ನನ್ನು ನಾನು ಕ್ಷಮಿಸೋದಿಲ್ಲ. ಅದು ಬೇರೆ ಮಾತು. ನಿನ್ನ ಪುಸ್ತಕ ತೆಗೆ, ಬರೆ."

"ಏನು ಬರೆಯಲಿ?"

"ಯಾವ ದ್ವೀಪದಿಂದ ಏನೂ ಕೇಳಿಸೋದಿಲ್ಲವೋ, ಮೊದಲ ದೋಣಿ ಅಲ್ಲಿಗೆ. ಇದು ನಿಮ್ಮ ಕಾನೂನಿನಲ್ಲಿ ಇರಬೇಕು. ಈ ಮನುಷ್ಯ ಸಹಿ ಹಾಕಬೇಕು." ಅವಳು ಅಫೊಯಾರತ್ತ ಗದ್ದ ಎತ್ತಿ ತೋರಿಸಿದಳು.

ಸುಗುಣಾ ಬರೆದಳು. ಇಪ್ಪತ್ತು ವರ್ಷ ಕಚೇರಿಯಲ್ಲಿ ಬರೆದ ಕೈ ಅದು, ತನ್ನ ರೂಢಿಯಂತೆ ಬರೆಯಿತು. ಬರೆದದ್ದನ್ನು ಅವಳು ಎಲ್ಲರಿಗೂ ಕೇಳುವಂತೆ ಓದಿದಳು: "ಯಾವ ದ್ವೀಪದಿಂದ ಸಂಕೇತ ಬರುವುದಿಲ್ಲವೋ, ಸಾಧ್ಯವಾದ ಮಟ್ಟಿಗೆ, ಮೊದಲ ದೋಣಿಯನ್ನು ಅಲ್ಲಿಗೆ ಕಳಿಸತಕ್ಕದ್ದು."

"ಸಾಧ್ಯವಾದ ಮಟ್ಟಿಗೆ ಅಂದರೆ?"

"ದೋಣಿ ಬಿಡುವಾಗಿದ್ದರೆ. ಬೇರೆ ಕಡೆ ಹೆಚ್ಚಿನ ತುರ್ತು ಇಲ್ಲದಿದ್ದರೆ."

"ಸೋಮವಾರ ದೋಣಿ ಬಿಡುವಾಗಿತ್ತಾ?"

"ಇರಲಿಲ್ಲ."

"ಬೇರೆ ಕಡೆ ತುರ್ತು ಇತ್ತಾ?"

"ಇತ್ತು."

"ಹಾಗಾದರೆ ಆ ಮಾತು ಇದ್ದರೆ ಮುಂದಿನ ಸಲವೂ ನೀವು ಬರೋದಿಲ್ಲ," ಎಂದಳು ಮಲೀಯಾ. "ಅದನ್ನು ತೆಗೆ."

ಸುಗುಣಾ ಆ ಎರಡು ಪದಗಳ ಮೇಲೆ ಗೆರೆ ಎಳೆದಳು. ಪುಸ್ತಕವನ್ನು ಅಫೊಯಾರತ್ತ ಚಾಚಿದಳು. ಅವರು ಜೇಬಿನಲ್ಲಿ ಕನ್ನಡಕ ಹುಡುಕಿ ಹಾಕಿಕೊಂಡು, ಉಳಿದದ್ದನ್ನು ಎರಡು ಸಲ ಓದಿ, ಸಹಿ ಹಾಕಿದರು.